ಐದು ವರ್ಷ ‘ಬ್ರೇಕ್ ಆಯಿಲ್ ಚೆಕ್ಡ್, ಓಕೆ’ ಎಂದು ಬರೆದ ಸರ್ವಿಸ್ ಸೆಂಟರ್‌ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಸರ್ವಿಸ್ ವಿಭಾಗ

ವಿಷಯ: ಐದು ವರ್ಷವಾದರೂ ಬ್ರೇಕ್ ಆಯಿಲ್ ಬದಲಾಯಿಸದೆ ಇದ್ದದ್ದು, ಬ್ರೇಕ್ ಹಿಡಿಯಲಿಲ್ಲ ಎಂದು ಹೇಳಿದಾಗ ‘ತೊಂದರೆ ಏನೂ ಇಲ್ಲ’ ಎಂದು ವಾಪಸ್ ಕಳಿಸಿದ್ದು

ಮಾನ್ಯರೇ,

ಹೋದ ತಿಂಗಳು ಬೆಟ್ಟದಿಂದ ಇಳಿಯುವಾಗ ನನ್ನ ಕಾರಿನ ಬ್ರೇಕ್ ಕೈಕೊಟ್ಟಿತು. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗಳು ಇದ್ದರು. ಮೊದಲು ಪೆಡಲ್ ಮೆತ್ತಗಾಯಿತು. ಮುಂದಿನ ತಿರುವಿಗೆ ಬರುವಷ್ಟರಲ್ಲಿ ಅದು ಸೀದಾ ನೆಲಕ್ಕೆ ಹೋಯಿತು. ಎರಡು ಮೂರು ಸಲ ತುಳಿದರೂ ಹಿಡಿಯಲಿಲ್ಲ. ಎರಡನೇ ಗೇರಿಗೆ, ಆಮೇಲೆ ಒಂದನೇ ಗೇರಿಗೆ ಇಳಿಸಿ, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆಯುತ್ತಾ ರಸ್ತೆ ಬದಿಯ ಮಣ್ಣಿನ ದಿಬ್ಬಕ್ಕೆ ಒರಗಿಸಿ ಕಾರು ನಿಲ್ಲಿಸಿದೆ. ಯಾರಿಗೂ ಪೆಟ್ಟಾಗಲಿಲ್ಲ.

ಅರ್ಧ ಗಂಟೆ ಕಳೆದ ಮೇಲೆ ತುಳಿದು ನೋಡಿದರೆ ಪೆಡಲ್ ಮೊದಲಿನ ಹಾಗೆಯೇ ಗಟ್ಟಿಯಾಗಿತ್ತು. ಮರುದಿನ ಕಾರನ್ನು ನಿಮ್ಮಲ್ಲಿಗೆ ತಂದೆ. ನಿಮ್ಮವರು ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಬಂದು, “ಬ್ರೇಕ್ ಚೆನ್ನಾಗಿದೆ ಸರ್, ನಿಮಗೆ ಸುಮ್ನೆ ಹಾಗನ್ನಿಸಿರಬೇಕು” ಎಂದರು. ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾದದ್ದು ಆ ಮಾತಿನಿಂದ. ಬಿಸಿಯಾದಾಗ ಸೋತು, ತಣ್ಣಗಾದ ಮೇಲೆ ಸರಿಯಾಗುವ ಬ್ರೇಕ್ ಎಂದರೆ ಮೊದಲು ಅನುಮಾನ ಪಡಬೇಕಾದದ್ದು ಆಯಿಲ್ ಮೇಲೆ. ದಿನವೂ ಬ್ರೇಕ್ ಬಿಚ್ಚಿ ಜೋಡಿಸುವವರಿಗೆ ಇದು ಗೊತ್ತಿರಬೇಕು ಅಲ್ವಾ?

ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಬಾನೆಟ್ ತೆಗೆದ ತಕ್ಷಣ ಕೇಳಿದ ಮೊದಲ ಪ್ರಶ್ನೆ, “ಆಯಿಲ್ ಬದಲಾಯಿಸಿ ಎಷ್ಟು ವರ್ಷವಾಯಿತು?” ನನ್ನಲ್ಲಿ ಉತ್ತರ ಇರಲಿಲ್ಲ. ಬಾನೆಟ್ ಕೆಳಗಿರುವ ಬ್ರೇಕ್ ಆಯಿಲ್ ಡಬ್ಬಿಯಿಂದ ಸ್ವಲ್ಪ ಆಯಿಲ್ ತೆಗೆದು, ಕುದಿಸಿ ನೋಡುವ ಉಪಕರಣದಲ್ಲಿ ಪರೀಕ್ಷೆ ಮಾಡಿದರು. 148 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯಿತು. ನನ್ನ ಕಾರಿಗೆ ಹಾಕುವುದು ‘ಡಾಟ್ 4’ ದರ್ಜೆಯ ಬ್ರೇಕ್ ಆಯಿಲ್. ಹೊಸದಾಗಿದ್ದಾಗ ಅದು ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಶೇ. 3.7ರಷ್ಟು ನೀರು ಸೇರಿದ ಮೇಲೂ 155 ಡಿಗ್ರಿ ತಾಳಬೇಕು. ನನ್ನದು ಆ ಗೆರೆಗಿಂತಲೂ ಕೆಳಗಿತ್ತು. ಆಮೇಲೆ ಮುಂದಿನ ಚಕ್ರದ ಕ್ಯಾಲಿಪರ್‌ನಿಂದ, ಅಂದರೆ ಬ್ರೇಕ್ ಪ್ಯಾಡ್‌ಗಳನ್ನು ಒತ್ತುವ ಭಾಗದಿಂದ, ಹಳೆಯ ಆಯಿಲ್ ಹೊರಗೆ ಬಿಟ್ಟರು. ಡಬ್ಬಿಯಲ್ಲಿ ತಿಳಿಯಾಗಿ ಕಂಡಿದ್ದ ಅದೇ ಆಯಿಲ್ ಕೆಳಗೆ ಕಡು ಕಂದು ಬಣ್ಣದಲ್ಲಿ ಬಂತು.

ಈಗ ಪ್ರತಿ ಸರ್ವಿಸ್‌ನಲ್ಲಿ ಮಾಡಿದ ಕೆಲಸ ಬರೆದುಕೊಡುವ ನಿಮ್ಮ ಜಾಬ್ ಕಾರ್ಡ್‌ಗಳ ವಿಷಯ. ಕಾರು ಕೊಂಡ ದಿನದಿಂದ ಸರ್ವಿಸ್ ನಿಮ್ಮಲ್ಲೇ. ಐದು ಕಾರ್ಡ್‌ಗಳಲ್ಲಿ ನಾಲ್ಕರಲ್ಲಿ ‘ಬ್ರೇಕ್ ಆಯಿಲ್ ಚೆಕ್ಡ್, ಓಕೆ’ ಎಂದಿದೆ. ಒಂದರಲ್ಲಿ ‘ಟಾಪ್ ಅಪ್’, ಅಂದರೆ ಕಮ್ಮಿಯಾದಷ್ಟನ್ನು ಮೇಲಿನಿಂದ ತುಂಬಿದ್ದು, ಎಂದಿದೆ. ಬದಲಾಯಿಸಿದ್ದು ಎಲ್ಲೂ ಇಲ್ಲ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಮಾತ್ರ ‘ಎರಡು ವರ್ಷಕ್ಕೊಮ್ಮೆ’ ಎಂದು ಸ್ಪಷ್ಟವಾಗಿದೆ. ಮೂರನೇ ವರ್ಷ ನಾನೇ ಬಾಯಿಬಿಟ್ಟು ಕೇಳಿದ್ದೆ. ನಿಮ್ಮ ಅಡ್ವೈಸರ್, “ನಿಮ್ಮ ಗಾಡಿ ಓಡಿರೋದೇ ಕಮ್ಮಿ, ಬಣ್ಣಾನೂ ಚೆನ್ನಾಗಿದೆ, ಈಗಲೇ ಬೇಡ” ಎಂದರು. ನಂಬಿದೆ.

ಆ ಒಂದು ಮಾತಿನಲ್ಲಿ ಎರಡು ತಪ್ಪಿವೆ. ಈ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ರಬ್ಬರ್ ಹೋಸ್‌ಗಳ ಮೂಲಕ, ಡಬ್ಬಿಯ ಮುಚ್ಚಳದ ಮೂಲಕ ತೇವ ಒಳಗೆ ಬರುತ್ತಲೇ ಇರುತ್ತದೆ. ಕಾರು ಮನೆ ಮುಂದೆ ನಿಂತಿದ್ದರೂ ಅದು ನಿಲ್ಲುವುದಿಲ್ಲ. ಹಾಗಾಗಿ ಇಲ್ಲಿ ಕಿಲೋಮೀಟರ್ ಲೆಕ್ಕ ಸಾಲದು, ವರ್ಷದ ಲೆಕ್ಕವೂ ಬೇಕು. ಬಣ್ಣವನ್ನಂತೂ ನಂಬುವ ಹಾಗೇ ಇಲ್ಲ. ನೀರು ಸೇರಿದ ಆಯಿಲ್ ಕೂಡ ತಿಳಿಯಾಗಿಯೇ ಕಾಣಬಹುದು.

ಟಾಪ್ ಅಪ್ ಮಾಡಿದ್ದು ಇನ್ನೊಂದು ತಪ್ಪು. ಬ್ರೇಕ್ ಪ್ಯಾಡ್ ಸವೆದ ಹಾಗೆ ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ, ಇಲ್ಲವೇ ಎಲ್ಲೋ ಸೋರಿಕೆ ಇರುತ್ತದೆ. ಎರಡರಲ್ಲಿ ಯಾವುದು ಎಂದು ನೋಡಿದ ಬಗ್ಗೆ ಕಾರ್ಡಿನಲ್ಲಿ ಒಂದು ಪದವೂ ಇಲ್ಲ. ಮೇಲಿನಿಂದ ಸುರಿದ ಹೊಸ ಆಯಿಲ್ ಎಂಜಿನ್ ಆಯಿಲ್ ಹಾಗೆ ಸುತ್ತು ಹೊಡೆಯುವುದಿಲ್ಲ. ಅದು ಹೆಚ್ಚುಕಮ್ಮಿ ಡಬ್ಬಿಯಲ್ಲೇ ಉಳಿಯುತ್ತದೆ. ಅತಿ ಹೆಚ್ಚು ಬಿಸಿಯಾಗುವ ಕ್ಯಾಲಿಪರ್‌ನಲ್ಲಿ ಹಳೆಯದೇ ಇರುತ್ತದೆ. ನನ್ನ ಕಾರಿನಲ್ಲಿ ಕುದಿದದ್ದು ಅದೇ. ಆಯಿಲ್ ಆವಿಯಾದರೆ ಪೆಡಲ್ ತುಳಿದ ಬಲವೆಲ್ಲ ಆವಿಯನ್ನು ಅದುಮುವುದಕ್ಕೇ ಹೋಗುತ್ತದೆ, ಪ್ಯಾಡ್‌ಗೆ ತಲುಪುವುದಿಲ್ಲ.

ಇಳಿಜಾರಿನಲ್ಲಿ ನಾನು ಇನ್ನೂ ಮೊದಲೇ ಗೇರ್ ಇಳಿಸಬೇಕಿತ್ತು. ಬ್ರೇಕ್ ಒತ್ತಿಕೊಂಡೇ ಬಂದಿದ್ದೆ. ಅಷ್ಟು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಹೊಸ ಆಯಿಲ್ ಹಾಕಿಸಿದ ಮೇಲೆ ಅದೇ ಮೆಕ್ಯಾನಿಕ್ ಜೊತೆ ಅದೇ ರಸ್ತೆಯಲ್ಲಿ ಇಳಿದು ನೋಡಿದ್ದೇನೆ. ಪೆಡಲ್ ಕೊನೆಯವರೆಗೂ ಗಟ್ಟಿಯಾಗಿಯೇ ಇತ್ತು.

ನನಗೆ ಪರಿಹಾರದ ಹಣ ಬೇಡ. ‘ಚೆಕ್ಡ್’ ಎಂದು ಬರೆದಾಗ ನಿಮ್ಮವರು ನಿಜವಾಗಿ ಏನನ್ನು ನೋಡಿದರು ಎಂಬುದಕ್ಕೆ ಲಿಖಿತ ಉತ್ತರ ಬೇಕು. ಜಾಬ್ ಕಾರ್ಡಿನಲ್ಲಿ ಆ ಒಂದೇ ಪದದ ಬದಲು, ಆಯಿಲ್ ಕೊನೆಯದಾಗಿ ಬದಲಾಯಿಸಿದ ದಿನಾಂಕ ಬರೆಯಲು ಜಾಗ ಇಡಿ. ಅವಧಿ ಮೀರಿದ್ದರೆ, ಬೇಕೋ ಬೇಡವೋ ಎಂದು ನಿರ್ಧರಿಸುವ ಮೊದಲು ಆ ದಿನಾಂಕವನ್ನು ಮಾಲೀಕರಿಗೆ ತೋರಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮಲ್ಲಿರುವ ಹಳೆಯ ದಾಖಲೆ ತೆಗೆದು ನೋಡಿ. ನನ್ನ ಹಾಗೆ ವರ್ಷಗಟ್ಟಲೆ ‘ಓಕೆ’ ಬರೆಸಿಕೊಂಡು ಹೋದವರು ಇನ್ನೂ ಇರಬಹುದು. ಅವರಿಗೆ ನೀವೇ ಫೋನ್ ಮಾಡಿ ಕರೆಸಿ.

ಐದು ಜಾಬ್ ಕಾರ್ಡ್‌ಗಳ ಪ್ರತಿ ಮತ್ತು ಪರೀಕ್ಷೆಯ ಫೋಟೋ ಲಗತ್ತಿಸಿದ್ದೇನೆ. 15 ದಿನದೊಳಗೆ ಉತ್ತರ ಕೊಡಿ.

ಇಂತಿ,
ನಿಮ್ಮಲ್ಲಿ ಐದು ವರ್ಷ ಸರ್ವಿಸ್ ಮಾಡಿಸಿದ ಗ್ರಾಹಕ