ಮಗಳಿಗೊಂದು ಪತ್ರ: ಮೊದಲು ತಲೆ ಎತ್ತಿ ನೋಡು

ಪುಟ್ಟಿ,

ಮುಂದಿನ ವಾರ ನಿಮ್ಮ ಕ್ಲಾಸಿನವರು ಬೇಲೀಫ್ ಮನೆ ನೋಡೋಕೆ ಸಿಂಗಲ್ಟನ್‌ಗೆ ಹೋಗ್ತಾರೆ ಅಂದೆಯಲ್ಲ, ಕೇಳಿ ಖುಷಿಯಾಯಿತು. ವೆಸ್ಟ್ ಸಸೆಕ್ಸ್‌ನ ಆ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಮ್ಯೂಸಿಯಂನಲ್ಲಿ ಹಳೇ ಕಟ್ಟಡಗಳು ಬೇಕಾದಷ್ಟಿವೆ. ಎಲ್ಲ ಕಡೆ ಓಡಾಡಿ ಸುಸ್ತಾಗಬೇಡ. ಈ ಒಂದು ರೈತನ ಮನೆಯಲ್ಲಿ ಜಾಸ್ತಿ ಹೊತ್ತು ನಿಲ್ಲು.

ಒಳಗೆ ಹೋದ ಕೂಡಲೇ ತಲೆ ಎತ್ತಿ ನೋಡು. ನಡುವಿನ ಹಾಲ್‌ಗೆ ಅಟ್ಟವೇ ಇಲ್ಲ, ನೆಲದಿಂದ ಮಾಡಿನವರೆಗೂ ಖಾಲಿ. ಚಿಮಣಿಯೂ ಇಲ್ಲ. ನೆಲದ ಮೇಲೇ ಬೆಂಕಿ ಉರಿಸುತ್ತಿದ್ದರು. ಹೊಗೆ ಮೇಲೇರಿ ಹೆಂಚಿನ ಸಂದಿಯಲ್ಲಿ, ಕಿಟಕಿಯಲ್ಲಿ ದಾರಿ ಹುಡುಕಿಕೊಂಡು ಹೋಗಬೇಕಿತ್ತು. ಕಿಟಕಿಗೆ ಗಾಜಿಲ್ಲ, ಬರೀ ಓಕ್ ಮರದ ಸರಳು, ಮುಚ್ಚೋಕೆ ಮರದ ಬಾಗಿಲು. ಇಂಗ್ಲೆಂಡಿನ ಜನವರಿಯಲ್ಲಿ ಅದು ಹೇಗಿತ್ತೋ, ನೀನೇ ಊಹಿಸಿಕೋ!

ನನ್ನ ಪ್ರಕಾರ ಈ ಮನೆಯನ್ನು ಅರ್ಥಮಾಡಿಕೊಳ್ಳೋಕೆ ಹೊಗೆಯ ಹಿಂದೆ ಹೋಗಬೇಕು. ಹೊಗೆಗೆ ಜಾಗ ಬೇಕು, ಅದಕ್ಕೇ ಹಾಲ್‌ಗೆ ಆ ಎತ್ತರ. (ಯಜಮಾನನ ದೊಡ್ಡಸ್ತಿಕೆಗೂ ಹೌದು ಅನ್ನು.) ಹಾಲ್‌ನ ಎರಡೂ ತುದಿಗೆ ಮಾತ್ರ ಮಹಡಿ. ಒಂದು ಕಡೆ ಎದುರುಬದುರು ಬಾಗಿಲಿರುವ ಓಣಿ, ಅದರಾಚೆ ಪೀಪಾಯಿಗಳಿಗೊಂದು, ಊಟದ ಸಾಮಾನಿಗೊಂದು ಕೋಣೆ. ಇನ್ನೊಂದು ತುದಿಯಲ್ಲಿ ಮೇಲೆ ಯಜಮಾನನ ಸ್ವಂತ ಕೋಣೆ. ಅದಕ್ಕೆ ಹೊರಗೆ ಚಾಚಿಕೊಂಡ ಕಕ್ಕಸು ಕೂಡ ಇದೆ. ನಡುವೆ ಹೊಗೆ ತುಂಬಿದ ಹಾಲ್ ಇರೋದರಿಂದ ಈ ಮಹಡಿಯಿಂದ ಆ ಮಹಡಿಗೆ ನೇರ ದಾರಿಯೇ ಇಲ್ಲ. ಇಳಿದು, ಹಾಲ್ ದಾಟಿ, ಮತ್ತೆ ಹತ್ತಬೇಕು.

ಹೊರಗೆ ಬಂದು ಎದುರಿಗೆ ನಿಂತು ನೋಡು. ಎರಡು ತುದಿಯ ಮಹಡಿಗಳು ಕೆಳಗಿನ ಗೋಡೆಗಿಂತ ಮುಂದೆ ಚಾಚಿವೆ, ಹಾಲ್‌ನ ಗೋಡೆ ಹಿಂದೆ ಉಳಿದಿದೆ. ಆದರೆ ಮಾಡು ಒಂದೇ, ಸೂರು ಒಂದೇ ಗೆರೆ. ಹಾಗಾಗಿ ನಡುವೆ ಸೂರು ಗೋಡೆ ಬಿಟ್ಟು ಮುಂದೆ ನಿಂತಿದೆ. ಅದನ್ನು ಹೊತ್ತಿರೋದು ಬಾಗಿದ ಮರದ ಆಸರೆಗಳು. ಕೆಂಟ್, ಸಸೆಕ್ಸ್ ಕಡೆ ಇಂಥ ಮನೆಗಳು ಬಹಳ. ವೀಲ್ಡನ್ ಮನೆ ಅಂತಾರೆ.

ಮರದ ಉಂಗುರ ಎಣಿಸಿ ಕಾಲ ಗುರುತಿಸಿದ್ದಾರೆ. ಹಾಲ್ 1405ರಿಂದ 1430ರ ನಡುವಿನದು, ಯಜಮಾನನ ತುದಿ 1505–10ರ ಸುಮಾರಿನದು. ಗೈಡ್ ಯಾರಾದರೂ ಇದು ಒಡೆದ ಹಡಗಿನ ಮರ ಅಂದರೆ ಸುಮ್ನೆ ನಕ್ಕುಬಿಡು. ಹಳೇ ಮನೆ ಇದ್ದಲ್ಲೆಲ್ಲ ಈ ಕತೆ ಇದ್ದೇ ಇರುತ್ತೆ. ಆಗ ಕಡಿದ ಹಸಿ ಓಕ್ ಮರವನ್ನೇ ಬಳಸುತ್ತಿದ್ದರು, ಒಣಗಿದ ಓಕ್‌ಗೆ ಉಳಿ ತಾಗೋದೇ ಕಷ್ಟ. ಒಂದು ಮರದ ತುದಿಯನ್ನು ನಾಲಿಗೆಯ ಹಾಗೆ ಕೆತ್ತಿ, ಇನ್ನೊಂದರ ತೂತಿಗೆ ಕೂರಿಸಿ, ಅಡ್ಡಕ್ಕೆ ಮರದ ಗೂಟ ಹೊಡೆಯುತ್ತಿದ್ದರು. ಯಾವುದಕ್ಕೆ ಯಾವುದು ಜೋಡಿ ಅಂತ ತಿಳಿಯಲು ಬಡಗಿಗಳು ಮರದ ಮೇಲೆ ರೋಮನ್ ಅಂಕಿ ಗೀಚುತ್ತಿದ್ದರು. ಅಂಥ ಗುರುತು ಕಣ್ಣಿಗೆ ಬಿದ್ದರೆ ಫೋಟೋ ತೆಗೆ.

ಈ ಮನೆ ಮೊದಲು ಇದ್ದದ್ದು ಅಲ್ಲಲ್ಲ, ಕೆಂಟ್‌ನ ಚಿಡಿಂಗ್‌ಸ್ಟೋನ್ ಹತ್ತಿರ. 1960ರ ದಶಕದಲ್ಲಿ ಬೋ ಬೀಚ್ ಜಲಾಶಯ ಕಟ್ಟುವಾಗ ಬಿಚ್ಚಿ ತಂದರು. ಗೂಟದ ಕಟ್ಟಡ ಆಗಿದ್ದಕ್ಕೆ ಅದು ಸಾಧ್ಯವಾಯಿತು.

ಒಂದು ವಿಷಯದಲ್ಲಿ ಮಾತ್ರ ನನಗೆ ತಕರಾರಿದೆ. ಆಮೇಲೆ ಬಂದವರು ಈ ಹಾಲ್‌ನಲ್ಲಿ ಇಟ್ಟಿಗೆಯ ಚಿಮಣಿ ಕಟ್ಟಿ, ಅಟ್ಟ ಹಾಕಿಕೊಂಡಿದ್ದರು. ಹೊಗೆ ಒಂದು ಕೊಳವೆಗೆ ಇಳಿದ ಮೇಲೆ ಅಷ್ಟು ಎತ್ತರ ಯಾರಿಗೆ ಬೇಕು? ಸಿಂಗಲ್ಟನ್‌ನಲ್ಲಿ ಮತ್ತೆ ನಿಲ್ಲಿಸುವಾಗ ಅದನ್ನೆಲ್ಲ ಬಿಟ್ಟುಬಿಟ್ಟರು. ಹಳೇ ರೂಪ ಚೆಂದವಾಗಿ ಕಾಣುತ್ತೆ, ಒಪ್ಪಿದೆ. ಆದರೆ ಚಿಮಣಿ ಬಂದ ಮೇಲೂ ಅಲ್ಲಿ ಜನ ಶತಮಾನಗಟ್ಟಲೆ ಬದುಕಿದ್ದರು, ಅಲ್ವಾ? ಅವರ ಗುರುತು ಅಳಿಸಿದ್ದು ಸರಿಯಾ ಅಂತ ನಿಮ್ಮ ಮೇಡಂ ಹತ್ತಿರ ಕೇಳಿ ನೋಡು. ಅವರು ಏನಂದರು ಅಂತ ಭಾನುವಾರ ಫೋನಿನಲ್ಲಿ ಹೇಳು. ನೀನು ಅವರ ಪರವಾಗಿಯೇ ವಾದ ಮಾಡ್ತೀಯ ಅಂತ ಗೊತ್ತು!

ಸ್ವೆಟರ್ ಮರೀಬೇಡ.

ನಿನ್ನ ಅಪ್ಪ