ಸ್ಕ್ಯಾನ್ ಚಿತ್ರದಲ್ಲಿ ಮನೋರೋಗ ಕಂಡವರು ಯಾರು?

ಮಾನ್ಯ ಸಂಪಾದಕರೇ,

ಮಿದುಳಿನ ನರತಂತುಗಳ ಮೈಲಿನ್ ಹೊದಿಕೆ ಸವೆದರೆ ಮನೋರೋಗ ಬರುತ್ತದೆ, ಅದನ್ನು ಎಂಆರ್‌ಐ ಸ್ಕ್ಯಾನ್‌ನಲ್ಲಿ ಕಣ್ಣಾರೆ ನೋಡಬಹುದು ಎಂದು ಮಡಿಕೇರಿಯ ಮಾಹಿತಿ ಶಿಬಿರದಲ್ಲಿ ಹೇಳಿದ್ದನ್ನು ತಮ್ಮ ಪತ್ರಿಕೆ ಕಳೆದ ವಾರ ಚಿತ್ರಸಮೇತ ಪ್ರಕಟಿಸಿತಷ್ಟೆ. ಅದನ್ನು ನಂಬಿ ನಿನ್ನೆ ನಾವು ಪಟ್ಟ ಪಾಡನ್ನು ಬರೆಯದೆ ಇರಲಾಗುತ್ತಿಲ್ಲ.

ನನ್ನ ತಂಗಿಯ ಮಗನಿಗೆ ಮೂರು ವರ್ಷದಿಂದ ಸ್ಕಿಜೋಫ್ರೇನಿಯಾ ಎಂಬ ಮನೋರೋಗ. ವರದಿ ಬಂದ ದಿನದಿಂದ ನೆಂಟರೆಲ್ಲ ಸ್ಕ್ಯಾನ್ ಮಾಡಿಸಿ ಎಂದು ಬೆನ್ನು ಹತ್ತಿದ್ದರಿಂದ, ಸುರಿಯುವ ಮಳೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ನಾಪೋಕ್ಲಿನಿಂದ ಬಾಡಿಗೆ ಜೀಪಿನಲ್ಲಿ ಹೊರಟು, ಮಡಿಕೇರಿಯಿಂದಾಚೆಗೇ ಸುಮಾರು 120 ಕಿಲೋಮೀಟರ್ ಕ್ರಮಿಸಿ ಮೈಸೂರಿನ ಸ್ಕ್ಯಾನ್ ಕೇಂದ್ರವೊಂದನ್ನು ತಲುಪಿದೆವು. ಒಂಬತ್ತಕ್ಕೆ ಬನ್ನಿ ಎಂದವರು ಒಳಗೆ ಕರೆದದ್ದು ಒಂದೂವರೆಗೆ. ಮೈಮೇಲೆ ಲೋಹ ಇರಬಾರದೆಂದು, ಅಜ್ಜಿ ಕಟ್ಟಿದ ಬೆಳ್ಳಿ ತಾಯಿತವನ್ನು ಬಿಚ್ಚಿಸಲು ಅವನನ್ನು ಅರ್ಧ ಗಂಟೆ ಗೋಗರೆಯಬೇಕಾಯಿತು. ಯಾರದೋ ದನಿ ಸದಾ ಕಿವಿಯಲ್ಲಿ ಕೇಳುವ ಹುಡುಗನನ್ನು ಆ ಡಬಡಬ ಸದ್ದಿನ ಕೊಳವೆಯೊಳಗೆ ಮಲಗಿಸಿದ ಪುಣ್ಯ ನಮ್ಮದು. ₹6,500 ತೆತ್ತ ಮೇಲೆ ಕೈಗೆ ಬಂದ ವರದಿಯ ಸಾರ: ಎಲ್ಲವೂ ಸಹಜ.

ಅಲ್ಲಿನ ವೈದ್ಯರು ತಮ್ಮ ಪತ್ರಿಕೆಯ ತುಣುಕನ್ನು ನೋಡಿ ನಕ್ಕರು. ಅಚ್ಚಾಗಿದ್ದ ಚಿತ್ರದಲ್ಲಿನ ಬಿಳಿ ಚುಕ್ಕೆಗಳು ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರರೋಗದಲ್ಲಿ ಕಾಣುವಂಥವಂತೆ. ದೇಹದ ರಕ್ಷಣಾ ವ್ಯವಸ್ಥೆಯೇ ಮೈಲಿನ್ ಮೇಲೆ ಎರಗುವ ಆ ಕಾಯಿಲೆಯನ್ನು ಗುರುತಿಸಲು ಎಂಆರ್‌ಐ ನಿಜಕ್ಕೂ ದೊಡ್ಡ ಆಸರೆ. ಆದರೆ ಸಾಮಾನ್ಯ ಎಂಆರ್‌ಐ ಮೈಲಿನ್ನನ್ನು ನೇರವಾಗಿ ತೋರಿಸುವುದಿಲ್ಲ, ಅದು ಮುಖ್ಯವಾಗಿ ಹಿಡಿಯುವುದು ನೀರಿನ ಸಂಕೇತವನ್ನು. ಮೈಲಿನ್ ಪದರಗಳ ನಡುವೆ ಸಿಕ್ಕಿಕೊಂಡ ನೀರಿನ ಸಂಕೇತ ಮಿದುಳಿನ ಉಳಿದ ನೀರಿನದಕ್ಕಿಂತ ಬೇಗ, ಸುಮಾರು 10ರಿಂದ 40 ಮಿಲಿಸೆಕೆಂಡಿನಲ್ಲಿ (ಸೆಕೆಂಡಿನ ಸಾವಿರದ ಪಾಲುಗಳಲ್ಲಿ) ಅಡಗಿಹೋಗುತ್ತದೆ. ಅದನ್ನು ಬೇರ್ಪಡಿಸಿ ಅಳೆಯುವ ವಿಧಾನವನ್ನು 1994ರಲ್ಲಿ ಕೆನಡಾದ ಅಲೆಕ್ಸ್ ಮೆಕೇ ಮತ್ತು ಸಂಗಡಿಗರು ತೋರಿಸಿಕೊಟ್ಟರಾದರೂ, ಅದು ಇಂದಿಗೂ ಹೆಚ್ಚಾಗಿ ಸಂಶೋಧನೆಯ ಸರಕು. ನೀರು ಯಾವ ದಿಕ್ಕಿಗೆ ಸರಿಯುತ್ತದೆಂದು ಅಳೆಯುವ ಇನ್ನೊಂದು ವಿಧಾನವಿದೆ. ಅದರ ಅಂಕಿ ತಗ್ಗಿತೆಂದು ಮೈಲಿನ್ ಸವೆದಿದೆ ಎನ್ನಲಾಗದು; ಮೈಲಿನ್ ಕುಂದದಿದ್ದರೂ, ನರತಂತುಗಳು ಒಂದನ್ನೊಂದು ಅಡ್ಡ ಹಾಯುವಲ್ಲಿ ಅದು ತಗ್ಗುತ್ತದೆ. ಮಿದುಳಿನ ಮುಂಭಾಗಕ್ಕೆ ಮೈಲಿನ್ ಹೊದೆಯುವ ಕೆಲಸ ಇಪ್ಪತ್ತರ ಹರೆಯ ದಾಟಿದರೂ ನಡೆದೇ ಇರುವುದರಿಂದಲೂ, ಸ್ಕಿಜೋಫ್ರೇನಿಯಾ ಹೆಚ್ಚಾಗಿ ತಲೆದೋರುವುದು ಅದೇ ವಯಸ್ಸಿನ ಆಸುಪಾಸಿನಲ್ಲಾದ್ದರಿಂದಲೂ ಮೈಲಿನ್‌ಗೂ ಈ ರೋಗಕ್ಕೂ ನಂಟಿದೆಯೇ ಎಂಬುದರಲ್ಲಿ ವಿಜ್ಞಾನಿಗಳಿಗೆ ಆಸಕ್ತಿ ಇದೆ. ನೂರಾರು ರೋಗಿಗಳ ಸರಾಸರಿಯನ್ನು ಆರೋಗ್ಯವಂತರ ಸರಾಸರಿಯ ಪಕ್ಕದಲ್ಲಿಟ್ಟಾಗ ಸಣ್ಣ ವ್ಯತ್ಯಾಸ ಕಾಣುತ್ತದೆ, ಒಬ್ಬನ ಸ್ಕ್ಯಾನ್ ನೋಡಿ ರೋಗ ಹೇಳಲು ಬರುವುದಿಲ್ಲ. ಇಷ್ಟನ್ನು ಅವರು ಐದೇ ನಿಮಿಷದಲ್ಲಿ ತಿಳಿಸಿದರು. ಹೂಗುಚ್ಛ, ಶಾಲು, ದೀಪ ಬೆಳಗುವಿಕೆಗಳ ನಡುವೆ ಶಿಬಿರದವರಿಗೆ ಆ ಐದು ನಿಮಿಷ ಸಿಗಲಿಲ್ಲವೆಂದು ಕಾಣುತ್ತದೆ.

ಹಣ ಹೋದರೆ ಹೋಗಲಿ. ಮನೆ ತಲುಪುವ ಹೊತ್ತಿಗಾಗಲೇ 'ತಲೆ ಸರಿಯಿದೆಯಂತೆ, ಹಾಗಾದರೆ ಸೋಮಾರಿತನವೇ' ಎಂಬ ಮಾತು ನೆಂಟರ ನಡುವೆ ಹರಡಿತ್ತು. ರಾತ್ರಿ ಮಾತ್ರೆ ಕೊಡಲು ಹೋದರೆ, "ಸ್ಕ್ಯಾನ್‌ನಲ್ಲಿ ಏನೂ ಇಲ್ಲವಲ್ಲ ಮಾವ, ಮತ್ತೆ ಇದು ಯಾಕೆ?" ಎಂದು ಹುಡುಗ ನನ್ನ ಕೈಯನ್ನೇ ತಳ್ಳಿದ. ಇದಕ್ಕೆ ಉತ್ತರ ಯಾವ ವೇದಿಕೆಯಿಂದ ಬರುತ್ತದೆ?

ಮೈಲಿನ್ ಬಗ್ಗೆ ಭಾಷಣ ಏರ್ಪಡಿಸುವ ಅಧಿಕಾರಿಗಳಿಗೆ, ತಿಂಗಳ ಮಾತ್ರೆಗೆಂದು ಹೋದಾಗ ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ ಎನ್ನಿಸಿಕೊಂಡು ಬರಿಗೈಯಲ್ಲಿ ಬಸ್ಸು ಹತ್ತುವವರು ಕಣ್ಣಿಗೆ ಬೀಳುವುದಿಲ್ಲ. ಈ ಬಗ್ಗೆ ನಾನು ಕೊಟ್ಟ ಎರಡು ಮನವಿಗಳಿಗೂ 'ಪರಿಶೀಲಿಸಲಾಗುವುದು' ಎಂಬ ಒಂದೇ ಉತ್ತರ ಬಂದಿದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ್ದಕ್ಕೂ, ನಮ್ಮ ರಸ್ತೆಯ ಗುಂಡಿಗೂ ಬಂದದ್ದು ಇದೇ ಉತ್ತರ. ಬಹುಶಃ ಅಚ್ಚು ಹಾಕಿಸಿಟ್ಟಿರಬೇಕು.

ಆದ್ದರಿಂದ ತಾವು ಆ ವರದಿಗೆ ತಿದ್ದುಪಡಿ ಪ್ರಕಟಿಸಬೇಕು. ಸಂಬಂಧಪಟ್ಟವರು ಮೊದಲು ಮಾತ್ರೆ ಒದಗಿಸಬೇಕು, ಇಲ್ಲವೇ ಇಂಥ ಶಿಬಿರಗಳನ್ನಾದರೂ ನಿಲ್ಲಿಸಬೇಕು. ಎರಡೂ ಆಗದಿದ್ದರೆ, ವೇದಿಕೆಯಲ್ಲಿ ಅದನ್ನು ಹೇಳಿದ ಮಹನೀಯರು ಒಮ್ಮೆ ನಾಪೋಕ್ಲಿಗೆ ಬಂದು, ಆ ಮಾತ್ರೆ ಯಾಕೆಂದು ನನ್ನ ಅಳಿಯನಿಗೆ ತಾವೇ ಹೇಳಿ ಹೋಗಲಿ.

ಇತಿ,
ನೊಂದ ಓದುಗ, ನಾಪೋಕ್ಲು