ಈ ವಾರದ ಪದ: ಮೋಲ್

ಸದಸ್ಯರೇ, ಈ ವಾರ ‘ಮೋಲ್’ (mole) ಎಂಬ ಇಂಗ್ಲಿಷ್ ಪದವನ್ನು ನೋಡೋಣ. ಬರೀ ನಾಲ್ಕು ಅಕ್ಷರ. ಆದರೆ ಡಿಕ್ಷನರಿ ತೆರೆದರೆ ಬೇರೆ ಬೇರೆ ಮೂಲದ ಪದಗಳು ಒಂದೇ ಸ್ಪೆಲಿಂಗ್‌ನಲ್ಲಿ ಕಾಣುತ್ತವೆ.

ಮೈಮೇಲಿನ ಮಚ್ಚೆಗೆ ಹೇಳುವ ಮೋಲ್ ಹಳೆಯ ಇಂಗ್ಲಿಷಿನ ‘ಮಾಲ್’ನಿಂದ ಬಂದದ್ದು. ಅದರರ್ಥ ಕಲೆ. ನೆಲ ತೋಡುವ ಪುಟ್ಟ ಪ್ರಾಣಿಯ ಹೆಸರು ಬೇರೆಯೇ. ಡಚ್ ಭಾಷೆಯ ‘ಮೊಲ್’ ಅದರ ಹತ್ತಿರದ ನಂಟ. ಒಳಗೇ ಇದ್ದು ಗುಟ್ಟು ಸಾಗಿಸುವ ಗೂಢಚಾರನಿಗೆ ಮೋಲ್ ಅನ್ನುವುದು ಈ ಪ್ರಾಣಿಯಿಂದಲೇ.

ನನಗೆ ಜಾಸ್ತಿ ಇಷ್ಟವಾದದ್ದು ಕೆಮಿಸ್ಟ್ರಿಯ ಮೋಲ್, ಅಂದರೆ ಅಣುಗಳಂಥ ಕಣಗಳನ್ನು ಲೆಕ್ಕ ಹಾಕುವ ಅಳತೆ. ಲ್ಯಾಟಿನ್‌ನಲ್ಲಿ ‘ಮೋಲೆಸ್’ ಅಂದರೆ ದೊಡ್ಡ ರಾಶಿ. ಬಂದರಿನಲ್ಲಿ ಅಲೆ ತಡೆಯುವ ಕಲ್ಲಿನ ಕಟ್ಟೆಗೆ ಮೋಲ್ ಎಂಬ ಹೆಸರು ಬಂದದ್ದು ಅದರಿಂದ. ಅದೇ ಪದಕ್ಕೆ ‘ಪುಟ್ಟದು’ ಎಂಬ ಅರ್ಥದ ಬಾಲ ಸೇರಿ ಮಾಲಿಕ್ಯೂಲ್ (ಅಣು) ಆಯಿತು. ಅದರ ಜರ್ಮನ್ ರೂಪವನ್ನು ಮೊಟಕು ಮಾಡಿ, 1890ರ ದಶಕದಲ್ಲಿ ಕೆಮಿಸ್ಟ್ರಿ ವಿಜ್ಞಾನಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ‘ಮೋಲ್’ ಎಂಬ ಅಳತೆಯ ಹೆಸರು ತಂದರು. 2019ರಿಂದ ಅದರ ಲೆಕ್ಕ ನಿಖರ: ಒಂದು ಮೋಲ್ ಅಂದರೆ 6.02214076 × 10²³ ಕಣಗಳು. ಅಷ್ಟು ದೊಡ್ಡ ಕಟ್ಟೆ, ಕಣ್ಣಿಗೇ ಕಾಣದ ಅಣು, ಎರಡಕ್ಕೂ ಬೇರು ಒಂದೇ. ಎಷ್ಟು ಸೊಗಸು ಅಲ್ವಾ!

ಮೆಕ್ಸಿಕೋದ ಸಾಸ್ ಒಂದನ್ನೂ ಇದೇ ಅಕ್ಷರಗಳಲ್ಲಿ ಬರೆಯುತ್ತಾರೆ. ಓದುವುದು ಮಾತ್ರ ‘ಮೋಲೆ’. ಅದರ ಮೂಲ ಅಲ್ಲಿನ ಮೂಲನಿವಾಸಿಗಳ ನಹುವಾತಲ್ ಭಾಷೆ.

ಮುಂದಿನ ವಾರದ ಪದ ‘ಬಾರ್ಕ್’. ನಿಮಗೆ ಗೊತ್ತಿರುವ ಅರ್ಥಗಳನ್ನು ಗುಂಪಿಗೆ ಹಾಕಿ. ಉಚ್ಚಾರ ಒಂದೇ ಇದೆ ಅಂತ ಸುಮ್ನೆ ನಂಟು ಕಟ್ಟಬೇಡಿ. ಪ್ರತಿ ಅರ್ಥದ ಮೂಲವನ್ನು ಒಮ್ಮೆ ಡಿಕ್ಷನರಿಯಲ್ಲಿ ನೋಡಿ ಬರೆಯಿರಿ.